‘ಸ್ವಲ್ಪ ಬರುತ್ತೆ’ ಅಂದವಳ ಅಮೆರಿಕ

ವಾಷಿಂಗ್ಟನ್, ವಿಮಾನ ನಿಲ್ದಾಣ

ಅಮೆರಿಕದಲ್ಲಿ ನನ್ನನ್ನು ಎಲ್ಲರಿಗಿಂತ ಮೊದಲು ಒಳಗೂ ಹೊರಗೂ ನೋಡಿದವನು ವಾಷಿಂಗ್ಟನ್ ವಿಮಾನ ನಿಲ್ದಾಣದ ಒಬ್ಬ ಅಧಿಕಾರಿ. ನೆಲೆಸುವ ವೀಸಾದಲ್ಲಿ ಬರುವವರು ಎದೆಯ ಎಕ್ಸ್‌ರೇಯನ್ನು ಕೈಯಲ್ಲೇ ಹಿಡಿದು ತರಬೇಕೆಂದು ಮದರಾಸಿನ ವೀಸಾ ಆಫೀಸಿನಲ್ಲಿ ಹೇಳಿದ್ದರು. ಮೈಸೂರಿನಿಂದ ಅಲ್ಲಿಯವರೆಗೆ ಆ ದೊಡ್ಡ ಕವರನ್ನು ಮಡಿಸದೆ, ಮುದುರದೆ, ಹಸುಗೂಸಿನಂತೆ ಹೊತ್ತು ತಂದಿದ್ದೆ. ಆತ ಅದನ್ನು ದೀಪಕ್ಕೆ ಹಿಡಿದು ನೋಡಿದ, ನನ್ನನ್ನು ನೋಡಿದ, ಏನೋ ಕೇಳಿದ. ನಾನು ನಕ್ಕೆ. ಇನ್ನೊಂದು ಕೇಳಿದ. ಮತ್ತೆ ನಕ್ಕೆ. ನಗುವುದರಿಂದ ನಡೆಯುವ ಕೆಲಸ ಅಷ್ಟಕ್ಕೇ ಮುಗಿಯಿತು.

ಮುಂದಿನ ಮೇಜಿನವನು ಪೆಟ್ಟಿಗೆ ಬಿಚ್ಚಿಸಿದ. ಅಕ್ಕನಿಗೆಂದು ತಂದ ಹುರಿಗಾಳು, ಮೆಂತ್ಯದ ಹಿಟ್ಟು, ಎಲ್ಲದರ ಅಡಿಯಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ನನ್ನ ಕಬ್ಬಿಣದ ಕತ್ತರಿ. ಬಟ್ಟೆ ಕತ್ತರಿಸುವ, ಮೊಳಕ್ಕೆ ಎರಡು ಬೆರಳು ಕಮ್ಮಿ ಇರುವ ಕತ್ತರಿ ಅದು. ಆತ ಹುಬ್ಬೇರಿಸಿದ. ಇದು ಯಾಕೆ ಎಂದು ಕೇಳಿರಬೇಕು. ಹೇಳಲು ಮಾತಿಲ್ಲ. ಆದ್ದರಿಂದ ಎರಡು ಬೆರಳನ್ನು ಕತ್ತರಿಯ ಹಾಗೆ ಮಾಡಿ ಅವನ ಅಂಗಿಯ ಕಾಲರಿನತ್ತ ಕತ್ತರಿಸಿ ತೋರಿಸಿದೆ. ಆತ ಒಂದು ಹೆಜ್ಜೆ ಹಿಂದೆ ಸರಿದು ಇನ್ನಿಬ್ಬರನ್ನು ಕರೆದ.

ಅವರು ನನ್ನನ್ನು ಬಿಡುವಷ್ಟರಲ್ಲಿ ಹೊತ್ತಾಗಿ, ಅಟ್ಲಾಂಟಾಕ್ಕೆ ಹೋಗುವ ವಿಮಾನವನ್ನು ಓಡಿ ಹಿಡಿಯಬೇಕಾಯಿತು. ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷ ಹೊಲಿಗೆ ತರಗತಿ ನಡೆಸಿದವಳು. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ. ನನಗೆ ಬರುವ ಇಂಗ್ಲಿಷೆಲ್ಲ ಕಾಲರು, ಕಟಿಂಗು, ಬಾಬಿನ್ನು, ಝಿಪ್ಪು, ಇಂಚು ಟೇಪು. ಅವುಗಳಲ್ಲಿ ಯಾವುದನ್ನೂ ಆ ಅಧಿಕಾರಿ ಕೇಳಲಿಲ್ಲ.

ಸುವಾನಿ, ಅಕ್ಕನ ಮನೆ

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಡಾಕ್ಟರಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಹನ್ನೊಂದು ವರ್ಷದ ಹಿಂದೆ ನನಗಾಗಿ ಅರ್ಜಿ ಹಾಕಿದ್ದಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಹೋದಳು. ಊರಿನ ಹುಡುಗಿಯರು ಹೊಲಿಗೆ ಬಿಟ್ಟು ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಎಂಟು ಮೆಷಿನ್ನುಗಳ ಮುಂದೆ ನಾನೊಬ್ಬಳೇ ಕೂತಿರುವಾಗ ವೀಸಾದ ಕಾಗದ ಬಂತು. ಮದುವೆ ಮಕ್ಕಳ ಗೊಡವೆಯಿಲ್ಲದವಳು ನಾನು. ನನ್ನವರು ಎಂದು ಉಳಿದವಳು ಅಕ್ಕ ಒಬ್ಬಳೇ. ಅವಳ ಹತ್ತಿರ ಇರಬೇಕೆಂದು ನನಗೆ ನಿಜವಾಗಿಯೂ ಆಸೆಯಿತ್ತು.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದ ಶರತ್ಕಾಲ ಅದು. ಊರಾಚೆಯ ಸುವಾನಿಯಲ್ಲಿ ಒಂದರಂತೆ ಇನ್ನೊಂದು ಮನೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೂರನೇ ದಿನ ನಡೆದುಕೊಂಡು ಅಂಗಡಿಗೆ ಹೊರಟೆ. ಒಂದು ಕಾರು ನಿಂತಿತು, ಇನ್ನೊಂದು ನಿಂತಿತು. ಮೂರನೆಯದರಲ್ಲಿದ್ದ ಮುದುಕಿ ನನ್ನನ್ನು ಬಲವಂತವಾಗಿ ಕೂರಿಸಿಕೊಂಡು ವಾಪಸು ಅಕ್ಕನ ಮನೆಗೇ ತಂದು ಬಿಟ್ಟಳು. ಈ ದೇಶದಲ್ಲಿ ನಡೆಯುವವರೆಂದರೆ ಕಾರು ಕೆಟ್ಟವರು ಇಲ್ಲವೇ ತಲೆ ಕೆಟ್ಟವರು.

ಅಕ್ಕ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಭಾವ ಮಣ್ಣಿನ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಅವರ ಮಗಳು ಓದಲು ಬೇರೆ ರಾಜ್ಯಕ್ಕೆ ಹೋಗಿದ್ದಳು. ಅವಳ ಕೋಣೆ ನನಗೆ. ಎರಡು ವಾರದಲ್ಲಿ ಅಡುಗೆಮನೆ ಪೂರ್ತಿ ನನ್ನದಾಯಿತು. ಯಾರೂ ನನಗೆ ಒಪ್ಪಿಸಲಿಲ್ಲ, ತಾನಾಗಿಯೇ ಬಂತು. ಅಕ್ಕ ಚಪ್ಪಲಿ ಬಿಡುವ ಮೊದಲೇ ‘ಇವತ್ತು ಏನು ಮಾಡಿದ್ಯೇ?’ ಎನ್ನತೊಡಗಿದಳು. ಪ್ರೀತಿಯಿಂದಲೇ ಕೇಳುತ್ತಿದ್ದಳು. ಆದರೆ ಅದೇ ಪ್ರಶ್ನೆಯನ್ನು ನಮ್ಮ ಬೀದಿಯ ವಕೀಲರು ತಮ್ಮ ಅಡುಗೆಯವಳಿಗೆ ಕೇಳುವುದನ್ನು ನಾನು ಎಷ್ಟು ಸಲ ಕೇಳಿಲ್ಲ?

ಒಂದು ಭಾನುವಾರ ಹೇಳಿಯೇಬಿಟ್ಟೆ. ‘ಅಕ್ಕ, ನಾನು ಇಲ್ಲಿ ಕೆಲಸ ಹುಡುಕ್ತೀನಿ. ಅರ್ಧ ದಿನದ್ದಾದ್ರೂ ಸರಿ.’

‘ನಿನಗ್ಯಾಕೆ ಕೆಲಸ? ಇಲ್ಲೇನು ಕಮ್ಮಿ ಆಗಿದೆ? ಇಂಗ್ಲಿಷ್ ಬರಲ್ಲ, ಡ್ರೈವ್ ಮಾಡಲ್ಲ. ಆರಾಮಾಗಿ ಮನೇಲಿರು ಪದ್ದು.’

‘ಮನೇಲಿದ್ರೆ ನಿನ್ನ ಅಡುಗೆಯವಳಾಗಿರ್ತೀನಿ. ತಂಗಿಯಾಗಿ ಇರೋ ಹಾಗಿದ್ರೆ ಇರ್ತೀನಿ.’

ಅಕ್ಕನ ಮುಖ ಸಣ್ಣಗಾಯಿತು. ನಾನೂ ಹಿಂಜರಿಯಲಿಲ್ಲ. ನನ್ನ ಹತ್ತಿರ ಹಿಂದಕ್ಕೆ ಹೋಗುವ ಟಿಕೆಟ್ಟಿತ್ತು, ಮಾರ್ಚ್ ಇಪ್ಪತ್ತರದು, ಗುರುವಾರ. ಅಷ್ಟರೊಳಗೆ ಕೈಗೊಂದು ಕೆಲಸ ಸಿಕ್ಕರೆ ಇರುವುದು, ಇಲ್ಲದಿದ್ದರೆ ಆ ಗುರುವಾರ ವಿಮಾನ ಹತ್ತುವುದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿದಳು. ನಾನು ಪೆನ್ನಿನಲ್ಲಿ ಹಾಕಿದೆ.

ಸುವಾನಿ, ಡ್ರೈ ಕ್ಲೀನಿಂಗ್ ಅಂಗಡಿ

ಮಾತಿಗೆ ಭಾವ ಇದ್ದರು. ಒಳ್ಳೆಯ ಮನುಷ್ಯ. ಜೀವಮಾನವೆಲ್ಲ ಮಣ್ಣನ್ನು ತೂಗಿ, ಸೋಸಿ, ಇದ್ದದ್ದನ್ನು ಇದ್ದಂತೆ ಬರೆದಿಟ್ಟವರು. ಒಂದಕ್ಷರ ಸೇರಿಸುವವರಲ್ಲ, ಒಂದಕ್ಷರ ಬಿಡುವವರೂ ಅಲ್ಲ. ಇಂಥ ದುಭಾಷಿ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡೆ. ನನ್ನ ಪುಣ್ಯ ಎಂಥದ್ದೆಂದು ಆಮೇಲೆ ತಿಳಿಯಿತು.

ಮನೆಗೆ ಹತ್ತಿರದ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಯ ಉದ್ದ ಗಿಡ್ಡ ಸರಿಮಾಡುವವರು ಬೇಕೆಂದು ಬೋರ್ಡು ಹಾಕಿದ್ದರು. ಯಜಮಾನಿ ದಪ್ಪ ದೇಹದ, ನಗುಮುಖದ ಹೆಂಗಸು. ಹೋದ ಕೂಡಲೇ ಕಾಫಿ ಬೇಕೇ ಎಂದಳು. ಕೆಲಸ ಕೇಳಲು ಹೋದವರು ಮೊದಲ ಮಾತಿಗೇ ಕಾಫಿಗೆ ಕೈ ಚಾಚುತ್ತಾರೆಯೇ? ‘ಬೇಡ ಬೇಡ’ ಎಂದೆ. ಅವಳು ಮತ್ತೆ ಕೇಳಲೇ ಇಲ್ಲ! ತಾನು ಬಗ್ಗಿಸಿಕೊಂಡು ನನ್ನೆದುರೇ ಕುಡಿದಳು. ನನಗೆ ಬೆಳಗಿನಿಂದ ಕಾಫಿಯಿಲ್ಲದೆ ತಲೆ ಸಿಡಿಯುತ್ತಿತ್ತು.

‘ಪ್ಯಾಂಟು ಮಡಿಸಿ ಹೊಲಿಯೋಕೆ ಬರುತ್ತಾ ಅಂತ ಕೇಳ್ತಿದಾರಮ್ಮ’ ಎಂದರು ಭಾವ.

ನನಗೆ ನಗು ಬಂತು. ಕೋಟಿಗೆ ತೋಳು ಕೂರಿಸುವುದನ್ನು ಕಲಿಸಿದವಳನ್ನು ಪ್ಯಾಂಟು ಮಡಿಸಲು ಬರುತ್ತದೆಯೇ ಎಂದು ಕೇಳುತ್ತಾಳಲ್ಲ! ಹಾಗೆಂದು ಬಾಯಿಬಿಟ್ಟು ಹೇಳಲಾದೀತೇ? ‘ಏನೋ, ಸ್ವಲ್ಪ ಬರುತ್ತೆ’ ಎಂದೆ. ಭಾವ ಇಂಗ್ಲಿಷಿನಲ್ಲಿ ಹೇಳಿದರು.

‘ಝಿಪ್ ಹಾಕೋದು?’

‘ಹಾಗೋ ಹೀಗೋ ಹಾಕ್ತೀನಿ ಅನ್ನಿ.’

‘ಎಷ್ಟು ವರ್ಷದಿಂದ ಮಾಡ್ತಿದೀಯ?’

‘ಮಾಡೋದೇನು ಬಂತು ಭಾವ. ಇಪ್ಪತ್ತು ವರ್ಷ ಆಯ್ತು, ಇನ್ನೂ ಕಲೀತಾನೇ ಇದೀನಿ.’

ಇದನ್ನು ಭಾವ ಸ್ವಲ್ಪ ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರು. ಯಜಮಾನಿ ನನ್ನನ್ನು ಕನಿಕರದಿಂದ ನೋಡಿ ನನ್ನ ಕೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಕೆಲಸ ಆಯಿತೆಂದೇ ತಿಳಿದೆ. ಕಾರಿನಲ್ಲಿ ಕೂತ ಮೇಲೆ ಭಾವ ಹೇಳಿದರು, ‘ಅವರಿಗೆ ಕೆಲಸ ಗೊತ್ತಿರೋರು ಬೇಕಂತಮ್ಮ.’

ಮೂರು ದಿನ ಆ ಹೆಂಗಸಿಗೆ ಮನಸ್ಸಿನಲ್ಲೇ ಬೈದೆ. ಮನುಷ್ಯರ ಮುಖ ನೋಡಿದರೆ ಕೆಲಸ ಬರುತ್ತದೋ ಇಲ್ಲವೋ ತಿಳಿಯಬಾರದೇ?

ಅಲ್ಫರೆಟಾ

ಅಲ್ಫರೆಟಾದಲ್ಲಿ ದೊಡ್ಡ ದೊಡ್ಡ ಗಾಜಿನ ಆಫೀಸುಗಳು. ಅವುಗಳ ನಡುವೆ ಕಿಟಕಿ ಪರದೆ ಹೊಲಿಯುವ ಅಂಗಡಿಯೊಂದಿತ್ತು. ಪರದೆ ಎಂದರೆ ನೆಟ್ಟಗೆ ಹೊಲಿಗೆ. ನನ್ನ ತರಗತಿಯಲ್ಲಿ ಎರಡನೇ ವಾರದ ಪಾಠ. ಅಲ್ಲಿ ಯಾರೂ ಬಟ್ಟೆ ತೋರಿಸಲಿಲ್ಲ, ಮೆಷಿನ್ನು ತೋರಿಸಲಿಲ್ಲ. ನಾಲ್ಕು ಪುಟದ ಫಾರಂ ಕೊಟ್ಟರು. ಹೊಲಿಯುವವಳ ಕೈ ನೋಡುವುದು ಬಿಟ್ಟು ಅವಳ ಚರಿತ್ರೆ ಕೇಳುವುದು ಯಾವ ಊರಿನ ನ್ಯಾಯ?

ಭಾವ ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ‘ನಿನ್ನ ಅತಿ ದೊಡ್ಡ ದೌರ್ಬಲ್ಯ ಯಾವುದು?’

‘ಇದನ್ಯಾಕೆ ಕೇಳ್ತಾರೆ?’

‘ಗೊತ್ತಿಲ್ಲಮ್ಮ. ಫಾರಮ್ಮಲ್ಲಿದೆ.’

ಕೇಳಿದ ಮೇಲೆ ಸುಳ್ಳು ಹೇಳುವುದು ತಪ್ಪು. ಮಂಡಿ ನೋವು, ಸಂಜೆ ಆದ ಮೇಲೆ ಸೂಜಿಗೆ ದಾರ ಪೋಣಿಸಲು ಕಣ್ಣು ಮಂಜಾಗುವುದು, ಬೇಗ ಸಿಟ್ಟು ಬರುವುದು, ಅಳತೆ ತಪ್ಪಿದರೆ ಯಾರೇ ಇರಲಿ ಬೈದುಬಿಡುವುದು, ಎಲ್ಲ ಹೇಳಿದೆ. ಭಾವ ಎಲ್ಲವನ್ನೂ ಬರೆದರು. ಕೊಟ್ಟ ಜಾಗ ಸಾಲದೆ ಹಾಳೆಯ ಹಿಂದೆಯೂ ಬರೆದರು.

‘ಈಗ ನಿನ್ನ ಅತಿ ದೊಡ್ಡ ಶಕ್ತಿ?’

‘ಅದನ್ನ ನಾವೇ ಹೇಗೆ ಹೇಳ್ಕೊಳ್ಳೋದು ಭಾವ? ಬೇರೆಯವರು ಹೇಳ್ಬೇಕು.’

ಭಾವ ತಲೆದೂಗಿ ಅದನ್ನೂ ಬರೆದರು. ಫಾರಂ ತೆಗೆದುಕೊಂಡ ಟೈ ಕಟ್ಟಿದ ಮ್ಯಾನೇಜರು ಓದುತ್ತ ಓದುತ್ತ ಕೆಂಪಾದ. ಆಮೇಲೆ ನಾವೇ ಫೋನ್ ಮಾಡುತ್ತೇವೆ ಎಂದ.

ನಮ್ಮೂರಿನಲ್ಲಿ ‘ಆಮೇಲೆ ಹೇಳಿ ಕಳಿಸ್ತೀವಿ’ ಎಂದರೆ ಏನೆಂದು ಮಗುವಿಗೂ ಗೊತ್ತು. ಆದರೆ ಅಮೆರಿಕದವರು ಹೇಳಿದಂತೆ ನಡೆಯುವವರು ಎಂದು ಅಕ್ಕ ಹದಿನೈದು ವರ್ಷದಿಂದ ಕಾಗದ ಬರೆದು ನನ್ನ ತಲೆ ಕೆಡಿಸಿದ್ದಳು. ಹತ್ತು ದಿನ ಫೋನಿನ ಪಕ್ಕ ಕೂತೆ. ಸ್ನಾನಕ್ಕೆ ಹೋದಾಗ ಭಾವನನ್ನು ಕಾವಲಿಗೆ ಕೂರಿಸಿದೆ. ಬಂದ ಫೋನುಗಳೆಲ್ಲ ಅಕ್ಕನ ಪರಿಚಯದವರದು. ಎಲ್ಲರಿಗೂ ರವಿಕೆ ಹೊಲಿಸಬೇಕಿತ್ತು. ‘ಹೇಗೂ ಮನೇಲೇ ಇರ್ತೀರಲ್ಲ’ ಎಂಬುದು ಎಲ್ಲರ ಪಲ್ಲವಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಹಿತ್ತಲ ಗಿಡವನ್ನು ಎಲ್ಲರೂ ಚಿವುಟಿಕೊಂಡು ಹೋಗುತ್ತಿದ್ದರು, ಮದ್ದು ಎಂದು ಮಾತ್ರ ಯಾರೂ ಅನ್ನುತ್ತಿರಲಿಲ್ಲ.

ಶಾರ್ಲಟ್

ದೀಪಾವಳಿ ಊಟಕ್ಕೆ ಉತ್ತರ ಕೆರೊಲಿನಾದ ಶಾರ್ಲಟ್‌ಗೆ ಹೋದೆವು. ನಾಲ್ಕು ಗಂಟೆ ಕಾರಿನಲ್ಲಿ ಕೂತು ಹೋಗಿ ಬಿಸಿಬೇಳೆಬಾತ್ ತಿಂದು ಬರುವುದನ್ನು ಇಲ್ಲಿಯ ಕನ್ನಡಿಗರು ದೂರ ಎನ್ನುವುದಿಲ್ಲ. ಒಂದು ಶಾಲೆಯ ಹಾಲ್. ಮಡಿಸುವ ಕುರ್ಚಿಗಳು, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿದ ಹೆಂಗಸರು, ‘ಅಮ್ಮಾ, ಕ್ಯಾನ್ ವಿ ಗೋ ನೌ?’ ಎನ್ನುವ ಮಕ್ಕಳು.

ಅಕ್ಕ ನನ್ನನ್ನು ಎಲ್ಲರಿಗೂ ಪರಿಚಯಿಸಿದಳು. ‘ನನ್ನ ತಂಗಿ. ನಮ್ಮನೇಲೇ ಇದಾಳೆ. ಸಾರು ಮಾಡಿದ್ರೆ ಕೈ ತೊಳೆಯೋಕೆ ಮನಸ್ಸು ಬರಲ್ಲ, ಅಷ್ಟು ಚೆನ್ನಾಗಿ ಮಾಡ್ತಾಳೆ.’ ಹೊಗಳಿಕೆಯೇ. ಆದರೂ ಇಪ್ಪತ್ತು ವರ್ಷ ನಾನು ಕತ್ತರಿ ಹಿಡಿದದ್ದು ಇವಳಿಗೆ ನೆನಪೇ ಬರಲಿಲ್ಲವಲ್ಲ!

ಊಟದ ಮೇಜಿನಲ್ಲಿ ನಮ್ಮೆದುರು ರೂಪಾ ಎಂಬ ಹುಡುಗಿ ಕೂತಿದ್ದಳು. ಬೆಂಗಳೂರಿನವಳು, ಸಾಫ್ಟ್‌ವೇರ್ ಕೆಲಸ. ‘ಆಂಟಿ, ಜಾಬ್‌ಗೆ ಅಪ್ಲೈ ಮಾಡ್ತಿದೀರಂತೆ, ಏನಾಯ್ತು?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಸಂತೋಷದಿಂದ ಎಲ್ಲ ವಿವರಿಸಿದರು. ಯಾರು ಏನು ಕೇಳಿದರು, ತಾವು ಇಂಗ್ಲಿಷಿನಲ್ಲಿ ಏನು ಹೇಳಿದರು, ಒಂದೂ ಬಿಡದೆ. ‘ಷಿ ನೋಸ್ ಎ ಲಿಟಲ್ ಅಂದೆ. ಇಪ್ಪತ್ತು ವರ್ಷದಿಂದ ಇನ್ನೂ ಕಲೀತಿದಾಳೆ ಅಂದೆ. ಪದ್ಮ ಹೇಳಿದ್ದನ್ನ ಒಂದಕ್ಷರ ಬದಲಾಯಿಸ್ಲಿಲ್ಲ.’

ರೂಪಾ ನೀರು ಕುಡಿಯುತ್ತಿದ್ದವಳು ನೆತ್ತಿಗೇರಿಸಿಕೊಂಡಳು. ‘ಅಯ್ಯೋ ಅಂಕಲ್! ಹಾಗಂದ್ರೆ ಯಾರು ಕೆಲಸ ಕೊಡ್ತಾರೆ? ಇಲ್ಲಿ ಸ್ವಲ್ಪ ಅಂದ್ರೆ ಸ್ವಲ್ಪಾನೇ. ಇಪ್ಪತ್ತು ವರ್ಷ ಕಲಿತ್ರೂ ಬಂದಿಲ್ಲ ಅಂದ್ಕೊಂಡಿರ್ತಾರೆ!’

ನಾನು ಭಾವನತ್ತ ತಿರುಗಿದೆ. ‘ನಾನು ಹಾಗಂದ್ರೆ ಅದರರ್ಥ ಚೆನ್ನಾಗಿ ಬರುತ್ತೆ ಅಂತ ನಿಮಗೆ ಗೊತ್ತಿಲ್ವಾ? ನೀವೂ ಮೈಸೂರಿನವರಲ್ವಾ?’

‘ನೀನು ಹೇಳಿದ್ದನ್ನೇ ಹೇಳಿದೆನಲ್ಲಮ್ಮ’ ಎಂದರು ಭಾವ, ಕೋಸಂಬರಿ ಕಲಸಿಕೊಳ್ಳುತ್ತ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಭಾವನೆಂದು ನುಂಗಿಕೊಂಡೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಮ್ಮ ಜೀವನವಿಡೀ ಹೇಳಿದ್ದಳು. ಈ ದೇಶದಲ್ಲಿ ತುಳುಕಿ ಎದುರಿನವರ ಕಾಲು ತೋಯಿಸದಿದ್ದರೆ ಕೊಡದಲ್ಲಿ ನೀರಿದೆಯೆಂದೇ ನಂಬುವುದಿಲ್ಲ. ರೂಪಾ ಕಾಗದದ ತಟ್ಟೆಯ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಳು: ಐ ಆಮ್ ದ ಬೆಸ್ಟ್ ಟೈಲರ್. ಟ್ವೆಂಟಿ ಇಯರ್ಸ್ ಎಕ್ಸ್‌ಪೀರಿಯೆನ್ಸ್. ಯು ವಿಲ್ ಬಿ ವೆರಿ ಹ್ಯಾಪಿ. ಅರ್ಥ ಕೇಳಿ ನನಗೆ ನಾಚಿಕೆಯಾಯಿತು. ಇಂಥ ಮಾತನ್ನು ನಮ್ಮೂರಿನಲ್ಲಿ ಚುನಾವಣೆಗೆ ನಿಂತವರು ಮಾತ್ರ ಹೇಳುತ್ತಾರೆ. ಆದರೂ ಬಾಯಿಪಾಠ ಮಾಡಿದೆ.

ನಾರ್‌ಕ್ರಾಸ್

ಆ ಜಂಬದ ವಾಕ್ಯವನ್ನು ಹೇಳಲು ಎರಡು ತಿಂಗಳು ಜಾಗವೇ ಸಿಗಲಿಲ್ಲ. ಕೆಲಸವಿದ್ದ ಕಡೆ ಬಸ್ಸಿಲ್ಲ, ಬಸ್ಸಿದ್ದ ಕಡೆ ಕೆಲಸವಿಲ್ಲ. ಕ್ಯಾಲೆಂಡರು ಬದಲಾಯಿತು. ಹೊಸ ಕ್ಯಾಲೆಂಡರಿನಲ್ಲೂ ಮಾರ್ಚ್ ಇಪ್ಪತ್ತಕ್ಕೆ ಪೆನ್ನಿನಲ್ಲೇ ಗುರುತು ಹಾಕಿದೆ.

ಜನವರಿಯ ಕೊನೆಯಲ್ಲಿ ಭಾವ ಮತ್ತು ನಾನು ರವೆ, ಹುಣಸೆಹಣ್ಣು ತರಲು ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಗೆ ಹೋದೆವು. ಭಾವ ರವೆಯ ಪೊಟ್ಟಣಗಳ ಹಿಂದಿನ ಸಣ್ಣಕ್ಷರವನ್ನೆಲ್ಲ ಓದದೆ ಕೊಳ್ಳುವವರಲ್ಲ. ಬೇಸತ್ತು ಹೊರಗೆ ಬಂದೆ. ಅದೇ ಸಾಲಿನ ಕೊನೆಯಲ್ಲಿ ಒಂದು ಅಂಗಡಿ. ಬೋರ್ಡಿನಲ್ಲಿ ಸೂಜಿ ದಾರದ ಚಿತ್ರ. ಬಾಗಿಲ ಗಾಜಿಗೆ ಕಾಗದ ಅಂಟಿಸಿತ್ತು. ಕೆಲಸಕ್ಕೆ ಜನ ಬೇಕು ಎನ್ನುವ ಆ ಎರಡು ಇಂಗ್ಲಿಷ್ ಪದಗಳನ್ನು ಅಷ್ಟರಲ್ಲಿ ನಾನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ.

ಭಾವನನ್ನು ಕರೆಯಲಿಲ್ಲ. ಬೇಕೆಂದೇ ಕರೆಯಲಿಲ್ಲ.

ಒಳಗೆ ಒಬ್ಬ ಜಪಾನಿ ಹೆಂಗಸು. ಹೆಸರು ಹಾರುಕೊ ಎಂದು ಆಮೇಲೆ ತಿಳಿಯಿತು. ನನಗಿಂತ ಹಿರಿಯಳು, ಗುಬ್ಬಿಯಷ್ಟು ಮೈ, ಕತ್ತಿನಲ್ಲಿ ಟೇಪು. ಗಂಡನ ಕಾರ್ಖಾನೆ ಕೆಲಸಕ್ಕಾಗಿ ಇಲ್ಲಿಗೆ ಬಂದು ಉಳಿದವಳಂತೆ. ತಲೆಬಾಗಿ ನಮಸ್ಕರಿಸಿದಳು. ನಾನು ಬಾಗಿಲಿನ ಕಾಗದ ತೋರಿಸಿ, ಎದೆ ಸೆಟೆಸಿ, ಒಂದೇ ಉಸಿರಿಗೆ ಒಪ್ಪಿಸಿದೆ. ‘ಐ ಆಮ್ ದ ಬೆಸ್ಟ್ ಟೈಲರ್! ಟ್ವೆಂಟಿ ಇಯರ್ಸ್ ಎಕ್ಸ್‌ಪೀರಿಯೆನ್ಸ್! ಯು ವಿಲ್ ಬಿ ವೆರಿ ಹ್ಯಾಪಿ!’

ಅವಳ ಮುಖ ಮಧ್ಯಾಹ್ನದ ಅಂಗಡಿಯಂತೆ ಬಾಗಿಲು ಹಾಕಿಕೊಂಡಿತು. ಕಣ್ಣು ಕೆಳಗೆ ಮಾಡಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, ‘ಲಿಟಲ್ ಡಿಫಿಕಲ್ಟ್’ ಎಂದಳು. ಡಿಫಿಕಲ್ಟ್ ಎಂಬ ಪದ ನನಗೆ ಗೊತ್ತಿತ್ತು. ಆ ಮುಖಭಾವವೂ ಗೊತ್ತಿತ್ತು. ನನ್ನ ತರಗತಿಗೆ ಬಂದು ‘ನನಗೆ ಎಲ್ಲಾ ಬರುತ್ತೆ ಮಿಸ್’ ಎನ್ನುವ ಹುಡುಗಿಯರನ್ನು ನಾನು ನೋಡುತ್ತಿದ್ದುದು ಹೀಗೆಯೇ.

ಮೈಯೆಲ್ಲ ಉರಿಯಿತು. ಬರುವುದಿಲ್ಲ ಎಂದರೂ ಕೆಲಸವಿಲ್ಲ, ಬರುತ್ತದೆ ಎಂದರೂ ಕೆಲಸವಿಲ್ಲ. ಹಾಳಾಗಿ ಹೋಗಲಿ, ಮೈಸೂರಿಗೆ ಹೋಗಿ ಸೀರೆ ಅಂಚಿಗೆ ಪೀಕೋ ಹಾಕಿಕೊಂಡು ಬದುಕುತ್ತೇನೆ ಎಂದು ತಿರುಗಿದೆ. ತಿರುಗಿದಾಗ ಮೇಜಿನ ಮೇಲಿದ್ದ ರೇಷ್ಮೆಯ ನೀಲಿ ಲಂಗ ಕಣ್ಣಿಗೆ ಬಿತ್ತು. ಯಾವ ಪಾಪಿಯೋ ಅದರ ಅಂಚನ್ನು ಮಡಿಸಿ ದಾರ ಬಿಗಿಯಾಗಿ ಎಳೆದು ಹೊಲಿದಿದ್ದ. ಅಂಚೆಲ್ಲ ಸುಕ್ಕು. ಹಾರುಕೊ ಅರ್ಧ ಬಿಚ್ಚಿ ಇಟ್ಟಿದ್ದಳು.

ಅದನ್ನು ಹಾಗೆ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ. ಕೇಳಲಿಲ್ಲ, ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಟ್ಟೆಯ ಒಂದೇ ಎಳೆಯನ್ನು ಸೂಜಿಯಲ್ಲಿ ಎತ್ತಿ, ದಾರವನ್ನು ಸಡಿಲ ಬಿಟ್ಟು, ಮುಂದಿನ ಎಳೆಗೆ ಹೋಗುವುದು. ಇಪ್ಪತ್ತು ವರ್ಷ ರೇಷ್ಮೆ ಸೀರೆಗಳಿಗೆ ಫಾಲ್ಸ್ ಹಚ್ಚಿದ ಕೈ. ಒಂದು ಗೇಣು ಮುಗಿಸುವವರೆಗೆ ತಲೆಯೆತ್ತಲಿಲ್ಲ. ಹಾರುಕೊ ಲಂಗವನ್ನು ಮಗುಚಿದಳು, ಬೆಳಕಿಗೆ ಹಿಡಿದಳು, ಬೆರಳಾಡಿಸಿದಳು. ಹೊರಮೈಯಲ್ಲಿ ಒಂದು ಹೊಲಿಗೆಯೂ ಕಾಣುತ್ತಿರಲಿಲ್ಲ. ‘ವೆರಿ ಗುಡ್’ ಎಂದಳು. ಇನ್ನೊಮ್ಮೆ ಅಂಚು ಸವರಿ ಮತ್ತೆ ‘ವೆರಿ, ವೆರಿ ಗುಡ್’ ಎಂದಳು.

ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದು ಅಲ್ಲಾಡಿದವು. ‘ಅಯ್ಯೋ, ಇಲ್ಲ ಇಲ್ಲ, ಏನೋ ಸ್ವಲ್ಪ…’ ಎಂದು ಕನ್ನಡದಲ್ಲೇ ಅಂದುಬಿಟ್ಟೆ.

ಹಾರುಕೊ ನನ್ನ ಕೈಗಳನ್ನೇ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ತಾನು ಹೊಲಿದ ಒಂದು ಕೋಟನ್ನು ತಂದು ತೋರಿಸಿದಳು. ಎಂಥ ಕೆಲಸ ಅದು! ನಾನು ‘ಗುಡ್’ ಎಂದ ಕೂಡಲೇ ಅವಳೂ ನನ್ನಂತೆಯೇ ಮುಖದ ಮುಂದೆ ಕೈ ಅಲ್ಲಾಡಿಸಿ, ತಲೆ ಬಗ್ಗಿಸಿ, ಜಪಾನಿಯಲ್ಲಿ ಏನೋ ಗೊಣಗಿದಳು. ಏನೆಂದಳೆಂದು ನನಗೆ ಯಾರೂ ತರ್ಜುಮೆ ಮಾಡಿ ಹೇಳಬೇಕಾಗಿರಲಿಲ್ಲ.

ಟೀ ತಂದಳು. ಬೇಡ ಎಂದೆ. ಮತ್ತೆ ಮುಂದಿಟ್ಟಳು. ಬೇಡ ಎಂದೆ. ಮೂರನೇ ಸಲ ಮುಂದಿಟ್ಟಳು. ಅಮೆರಿಕಕ್ಕೆ ಬಂದ ಮೇಲೆ ನನ್ನನ್ನು ಮೂರನೇ ಸಲ ಕೇಳಿದ ಮೊದಲ ಜೀವ ಅದು. ಕುಡಿದೆ. ಹುಲ್ಲಿನ ಕಷಾಯದಂತಿತ್ತು, ಸಕ್ಕರೆಯೂ ಇಲ್ಲ. ಕಣ್ಣಲ್ಲಿ ನೀರು ಬಂತು, ಅದು ಕಷಾಯಕ್ಕೆ ಬಂದದ್ದಲ್ಲ.

ರವೆ ಹಿಡಿದು ನನ್ನನ್ನು ಹುಡುಕಿಕೊಂಡು ಬಂದ ಭಾವ ಬಾಗಿಲಲ್ಲಿ ನಿಂತು, ‘ಏನಾದ್ರೂ ಹೇಳ್ಬೇಕೇನಮ್ಮ?’ ಎಂದರು. ‘ಏನೂ ಬೇಡ, ನೀವು ಸುಮ್ಮನಿರಿ’ ಎಂದೆ. ವಾರಕ್ಕೆ ಮೂರು ಬೆಳಗು ಎಂದು ಹಾರುಕೊ ಬೆರಳಿನಲ್ಲಿ ತೋರಿಸಿದಳು.

ಮತ್ತೆ ನಾರ್‌ಕ್ರಾಸ್

ಕೆಲಸ ಸಿಕ್ಕರೆ ಸಿಡುಕು ಹೋಗುತ್ತದೆ ಎಂದುಕೊಂಡಿದ್ದೆ. ಹಾರುಕೊ ನನಗೆ ಹೊಲಿಗೆ ಕಲಿಸಿದ ಗುರುವಿಗಿಂತ ಕಟುಕಿ. ನನ್ನದು ಇಂಚು, ಅವಳದು ಸೆಂಟಿಮೀಟರು. ಮೊದಲ ವಾರ ನಾನು ಹೊಲಿದ ತೋಳನ್ನು ಮೂರು ಸಲ ಬಿಚ್ಚಿ ಮುಂದಿಟ್ಟಳು. ಮೂರು ಸಲವೂ ನಗುನಗುತ್ತಲೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೇಳಬೇಕಾದ್ದನ್ನೆಲ್ಲ ಕಂದು ಕಾಗದದ ಮೇಲೆ ಚಿತ್ರ ಬರೆದು ಹೇಳುವಳು, ನಾನು ಚಿತ್ರದಲ್ಲೇ ಜಗಳ ಆಡುವೆ.

ಫೆಬ್ರವರಿಯ ಒಂದು ದಿನ ಹೋದಾಗ ಮೇಜಿನ ಮೇಲೆ ತಟ್ಟೆ. ಅದರಲ್ಲಿ ಪನೀರಿನಂಥ ಮೆತ್ತನೆಯ ಬಿಳಿ ಗಡ್ಡೆ. ಸೋಯಾ ಕಾಳಿನದಂತೆ. ವರ್ಷವಿಡೀ ಮುರಿದ, ಬಾಗಿದ ಸೂಜಿಗಳನ್ನು ಅವಳು ಡಬ್ಬಿಯಿಂದ ತೆಗೆದು ಒಂದೊಂದಾಗಿ ಅದಕ್ಕೆ ಚುಚ್ಚಿದಳು. ಆಮೇಲೆ ಕೈ ಮುಗಿದಳು. ಗಟ್ಟಿ ಬಟ್ಟೆಯಲ್ಲಿ ದುಡಿದು ದಣಿದ ಸೂಜಿಗಳು, ಇನ್ನಾದರೂ ಮೆತ್ತಗಿರುವ ಕಡೆ ಮಲಗಲಿ ಎಂದು ಸನ್ನೆಯಲ್ಲಿ ತಿಳಿಸಿದಳು. ಇವಳಿಗೆ ತಲೆ ಸರಿಯಿದೆಯೇ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಆಯುಧಪೂಜೆಯ ದಿನ ಎಂಟು ಮೆಷಿನ್ನಿಗೂ ಕುಂಕುಮವಿಟ್ಟು, ಕತ್ತರಿಗೆ ಹೂ ಮುಡಿಸಿ ಕೈ ಮುಗಿಯುವ ನನಗೆ ಹಾಗೆ ಕೇಳುವ ಮುಖವಿಲ್ಲ ಎಂದು ಆಮೇಲೆ ಹೊಳೆಯಿತು. ಪರ್ಸಿನಿಂದ ಕುಂಕುಮ ತೆಗೆದು ಅವಳ ಮೆಷಿನ್ನಿಗೆ ಒಂದು ಬೊಟ್ಟಿಟ್ಟೆ. ಅದನ್ನು ಅವಳು ಒರೆಸಲಿಲ್ಲ.

ಮನೆಯಲ್ಲಿ ಅಕ್ಕ ಮಾತು ಕಡಿಮೆ ಮಾಡಿದ್ದಳು. ‘ಡಾಕ್ಟರ ತಂಗಿ ಪರರ ಪ್ಯಾಂಟು ಮಡಿಸ್ತಾಳೆ ಅಂತ ಆಡ್ಕೋತಾರೆ’ ಎಂದು ಒಮ್ಮೆ ಅಂದಳು. ನಾನು ಸಾರಿಗೆ ಒಗ್ಗರಣೆ ಹಾಕಿದೆ. ಕೆಲಸವೇನೋ ಸಿಕ್ಕಿತ್ತು. ಆದರೆ ನಾನು ಉಳಿಯಬೇಕಾದದ್ದು ಅಕ್ಕನ ಪಕ್ಕದಲ್ಲಿ. ಅವಳಿಗೇ ಬೇಡವಾದರೆ ಹಾರುಕೊಳನ್ನು ನಂಬಿ ಇಲ್ಲಿ ಏನು ಮಾಡುವುದು? ಟಿಕೆಟ್ಟು ಬೀರುವಿನಲ್ಲಿತ್ತು. ಅದನ್ನು ನಾನು ರದ್ದು ಮಾಡಿರಲಿಲ್ಲ. ಅಕ್ಕನೂ ಮಾಡು ಅಂದಿರಲಿಲ್ಲ.

ಮಾರ್ಚ್ ಹದಿನೇಳು, ಸೋಮವಾರ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳ ಹಿಂದೆ ಮೂರನೆಯವಳಾಗಿ ಅಕ್ಕ ನಿಂತಿದ್ದಳು. ಆಸ್ಪತ್ರೆಯ ಬಿಳಿ ಕೋಟು ಕೈಯಲ್ಲಿ. ಅವಳ ಸರದಿ ಬಂತು.

‘ಇದು ಉದ್ದ ಆಗಿದೆ. ಇಪ್ಪತ್ತು ವರ್ಷದಿಂದ ಎಲ್ಲಾ ಕೋಟೂ ಉದ್ದಾನೇ. ಮಡಿಸಿ ಕೊಡ್ತೀಯಾ?’

ಅವಳಿಗೆ ಕೋಟು ತೊಡಿಸಿ, ಮಂಡಿಯೂರಿ ಅಳತೆ ತೆಗೆದೆ. ಗುಂಡುಸೂಜಿ ಚುಚ್ಚಿದೆ. ‘ಮನೆಗೇ ತಂದುಬಿಡೇ ಪದ್ದು, ಇವತ್ತೇ’ ಎಂದಳು.

‘ಆಗಲ್ಲ. ಮುಂದೆ ನಾಲ್ಕು ಬಟ್ಟೆ ಇದೆ. ನಿನ್ನದು ಗುರುವಾರಕ್ಕೆ.’

ಚೀಟಿ ಬರೆದು ಹರಿದು ಕೊಟ್ಟೆ. ಅಕ್ಕ ಅದರ ಮೇಲಿನ ತಾರೀಖನ್ನು ನೋಡಿದಳು. ‘ಗುರುವಾರವಾ?’ ಎಂದಳು.

‘ಗುರುವಾರ.’

ಅವಳು ಚೀಟಿಯನ್ನು ನಾಲ್ಕಾಗಿ ಮಡಿಸಿ ಪರ್ಸಿನ ಒಳಗಿನ ಖಾನೆಯಲ್ಲಿಟ್ಟುಕೊಂಡು ಹೋದಳು.

ಗುರುವಾರ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ ಬಂದಳು, ಭಾವನೂ ಜೊತೆಗೆ. ನನ್ನ ವಿಮಾನ ಹೊರಡುವ ಹೊತ್ತಿಗೆ ಅವಳು ಕನ್ನಡಿಯ ಮುಂದೆ ಕೋಟು ಹಾಕಿಕೊಂಡು ನಿಂತಿದ್ದಳು. ಆಮೇಲೆ ಬಿಚ್ಚಿ ಅಂಚನ್ನು ಮಗುಚಿ, ಅಮ್ಮ ನೋಡುತ್ತಿದ್ದ ರೀತಿಯಲ್ಲೇ ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಹೊಲಿಗೆ ನೋಡಿದಳು. ತುಂಬ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. ಹಾರುಕೊ ತಲೆಬಾಗಿ, ನನ್ನನ್ನು ತೋರಿಸಿ, ‘ಯುವರ್ ಸಿಸ್ಟರ್?’ ಎಂದಳು.

ಇಂಗ್ಲಿಷಿನಲ್ಲೇ ಇಪ್ಪತ್ತು ವರ್ಷ ಬದುಕಿದ ಅಕ್ಕ ಕನ್ನಡದಲ್ಲಿ ಅಂದಳು, ‘ಹೂಂ, ನನ್ನ ತಂಗಿ. ಹೊಲಿಗೆ… ಸ್ವಲ್ಪ ಬರುತ್ತೆ.’

ಪಕ್ಕದಲ್ಲಿದ್ದ ಭಾವ ಕೂಡಲೇ ಮುಂದೆ ಬಂದು, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ, ‘ಷಿ ನೋಸ್ ಎ ಲಿಟಲ್’ ಎಂದರು.

ನಾನು ಹಲ್ಲು ಕಚ್ಚಿ ಅವರತ್ತ ನೋಡಿದೆ. ಹಾರುಕೊ ಬಾಯಿಗೆ ಕೈ ಹಿಡಿದು ನಕ್ಕಳು. ಆಮೇಲೆ ಅಕ್ಕನಿಗೆ, ಸೊಂಟದವರೆಗೆ ಬಗ್ಗಿ, ನಿಧಾನವಾಗಿ ನಮಸ್ಕರಿಸಿದಳು.